ಕಾಗೆಯ ಎಡೆ ತಿಂದ ಗಿಳಿಗಳು

ಕಮಲಕ್ಕಾ,

ನೀವು ಅರೋರಾ ಊರಿನ ನಿಮ್ಮ ಮನೆಗೆ ಆ ಎರಡು ಗಿಳಿಗಳನ್ನು ತಂದ ದಿನ ನಾನು ಕೈ ಚಾಚಿ ಬೆರಳು ಕಚ್ಚಿಸಿಕೊಂಡಿದ್ದು ನೆನಪಿದೆಯೇ? ಯಾರ ಕೈಗೂ ಪಳಗದ ಜೋಡಿ. ರಾಯ ಕಚ್ಚುತ್ತಿದ್ದ, ರಾಣಿ ಕಿರುಚುತ್ತಿದ್ದಳು. ಮೂವತ್ತು ವರ್ಷ ಈ ಪರದೇಶದಲ್ಲಿ ಡಾಕ್ಟರಾಗಿದ್ದವರ ಗತ್ತಿನಲ್ಲಿ ನನಗೆ ಬ್ಯಾಂಡೇಜು ಸುತ್ತುತ್ತಾ ಹೇಳಿದಿರಿ: "ತಮ್ಮಾ, ಇವನ್ನ ಹಿಡಿಯೂದಲ್ಲ. ಒಂದು ಸಲ ಹಿಡದ್ರ ಮುಗೀತು, ಮತ್ತ ನಂಬೂದಿಲ್ಲ. ತಾವಾಗೇ ಪಂಜರಕ್ಕ ಬರಬೇಕು."

ಎಂಟು ತಿಂಗಳು ನೀವು ಅವನ್ನು ತಿದ್ದಿದ್ದನ್ನು ಪ್ರತಿ ಭಾನುವಾರ ನೋಡಿದ್ದೇನೆ. ಬೆಳಿಗ್ಗೆ ಹೊಟ್ಟೆಗೆ ಕೊಡುವ ಮೊದಲೇ ಪಂಜರ ತೆರೆದು ಒಂದು ಗಂಟೆ ಹಾರಾಡಲು ಬಿಡುತ್ತಿದ್ದಿರಿ. ಆಮೇಲೆ ನವಣೆ ತೆನೆಯೊಂದನ್ನು ಪಂಜರದೊಳಗೆ ಕಟ್ಟಿ ಬೆನ್ನು ತಿರುಗಿಸಿ ಕೂತುಬಿಡುವುದು. ಹೊರಗೆ ಒಂದು ಕಾಳೂ ಇಲ್ಲ. "ಆಟ ಹೊರಗೆ, ಊಟ ಒಳಗೆ" ಎಂದು ನಾನು ಪ್ರಾಸ ಕಟ್ಟಿದರೆ, "ನಿನ್ನ ಪ್ರಾಸಕ್ಕಲ್ಲ, ತೆನಿಗೆ ಬರ್ತಾವ" ಎಂದಿರಿ. ಬಂದವು ಕೂಡ. ನೀವು ಪೇಪರಿನ ಎರಡನೆಯ ಪುಟ ತಿರುಗಿಸುವುದರೊಳಗೆ ಎರಡೂ ಒಳಗಿರುತ್ತಿದ್ದವು.

ಆಸ್ಪತ್ರೆಯ ಹಾಸಿಗೆಯಿಂದ ಅವನ್ನು ನನಗೇ ಏಕೆ ಒಪ್ಪಿಸಿದಿರಿ? ಪಂಜರ ಮಿಸಿಸಾಗದ ನಮ್ಮ ಫ್ಲ್ಯಾಟಿಗೆ ಬಂದ ದಿನ ಶೈಲ ಕೇಳಿದ್ದೂ ಅದನ್ನೇ: "ಅಕ್ಕನಿಗೆ ನಿಮ್ಮ ಮೇಲೆ ಅಂಥಾ ಸಿಟ್ಟೇನಿತ್ತು ರೀ?" ಆದರೆ ಮೊದಲ ದಿನಗಳಲ್ಲಿ ಎಲ್ಲ ಸರಿಯಾಗಿಯೇ ನಡೆದಿತ್ತು. ನಾನು ತೆನೆ ಕಟ್ಟಿದೆ, ಅವು ಬಂದವು. ನನ್ನ ಜಾಣತನಕ್ಕೆ ನಾನೇ ಮಾರುಹೋಗಿದ್ದೆ.

ತಪ್ಪು ನಡೆದದ್ದು ನೀವು ಹೋದ ಹದಿಮೂರನೆಯ ದಿನ. ಧಾರವಾಡದಲ್ಲಿ ನಿಮ್ಮ ಅಣ್ಣನ ಮಗ ಎಲ್ಲ ವಿಧಿ ಮಾಡಿದ. ನನಗೂ ಸುಮ್ಮನಿರಲಾಗಲಿಲ್ಲ. ಅನ್ನ, ಪಾಯಸ ಎಲೆಗೆ ಬಡಿಸಿ ಬಾಲ್ಕನಿಯಲ್ಲಿಟ್ಟೆ. ಹದಿನೇಳನೆಯ ಮಹಡಿಗೆ, ನವೆಂಬರಿನ ಚಳಿಗೆ, ಕಾಗೆ ಎಲ್ಲಿಂದ ಬರಬೇಕು? ಎರಡು ಗಂಟೆ ಕಾದೆವು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎನ್ನುತ್ತಾರಲ್ಲ... ತಡೆಯಲಾರದೆ ಆ ಎಲೆಯನ್ನು ಒಳಗೆ ತಂದು ಫ್ರಿಜ್ಜಿನ ಮೇಲಿಟ್ಟೆ. ರಾಯ ಬಂದ, ರಾಣಿ ಬಂದಳು, ಅನ್ನ ತಿಂದರು. ನಾನು ಅತ್ತುಬಿಟ್ಟೆ. ಮರುದಿನವೂ ಅಲ್ಲಿಯೇ ಕಾಳಿಟ್ಟೆ, ಅದರ ಮರುದಿನವೂ. ಯಜಮಾನಿಯನ್ನು ಕಳೆದುಕೊಂಡ ಹಕ್ಕಿಗಳೆಂಬ ಕನಿಕರ. ಕನಿಕರವೇ ಕಂಟಕವಾಯಿತು. ಒಂದು ವಾರದಲ್ಲಿ ಇಬ್ಬರೂ ಪಂಜರವನ್ನೇ ಮರೆತು ಕರ್ಟನ್ ರಾಡಿನ ಮೇಲೆ ಸಂಸಾರ ಹೂಡಿದರು.

ಆ ಶನಿವಾರ ಎರಡು ಗಂಟೆಗೆ ಬಿಲ್ಡಿಂಗಿನವರು ಬಾಲ್ಕನಿ ಬಾಗಿಲು, ಬೆಡ್‌ರೂಮಿನ ಕಿಟಕಿ ಎಲ್ಲ ಬಿಚ್ಚಿ ಹೊಸದು ಕೂರಿಸುವವರಿದ್ದರು. ಹೊರಗೆ ಮೈನಸ್ ಎಂಟು. ಹಕ್ಕಿ ಹಾರಿದರೆ ಸಂಜೆಯೊಳಗೆ ಸತ್ತಂತೆಯೇ. ಬಾತ್‌ರೂಮಿಗೆ ಅಟ್ಟೋಣವೆಂದಳು ಶೈಲ. ಅಟ್ಟುವುದೂ ಹಿಡಿಯುವುದೂ ಅವಕ್ಕೆ ಒಂದೇ ಅಲ್ಲವೇ? ಹಿಂದಿನ ಸಂಜೆಯಿಂದ ಹೊರಗೆ ಕಾಳಿಡುವುದು ನಿಲ್ಲಿಸಿದ್ದೆ. ಬೆಳಿಗ್ಗೆ ಒಳಗೆ ತೆನೆ ಕಟ್ಟಿ ಬೆನ್ನು ತಿರುಗಿಸಿ ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ಪಕ್ಕದ ಮನೆಯಲ್ಲಿ ಡ್ರಿಲ್ ಶುರುವಾಯಿತು. ಒಂದೂವರೆಗೆ ರಾಯ ಇಳಿದು ಒಳಗೆ ಹೋದ. ರಾಣಿ ಕತ್ತು ಓರೆ ಮಾಡಿ ನೋಡುತ್ತಲೇ ಇದ್ದಳು.

ಕಿಟಕಿ ಕೂರಿಸಲು ಎರಡಕ್ಕೆ ಬಂದು ಬಾಗಿಲು ತಟ್ಟಿದ ಸರ್ದಾರ್ಜಿ ಒಳ್ಳೆಯವರು. ವಿಷಯ ಕೇಳಿ ಹತ್ತು ನಿಮಿಷ ಕಾರಿಡಾರಿನಲ್ಲೇ ನಿಂತರು. ಆಮೇಲೆ, ಇನ್ನೂ ನಾಲ್ಕು ಮನೆ ಬಾಕಿ ಇದೆ, ಏನು ಮಾಡಲಿ ಭಾಯಿಸಾಬ್, ಎಂದು ತಾವೇ ತಪ್ಪು ಮಾಡಿದವರಂತೆ ಕೇಳಿದರು. ಟವಲು ಶೈಲಳ ಕೈಯಲ್ಲಿತ್ತು.

"ಕೊಡು," ಎಂದೆ.

"ನೀವು ಬೇಡ ರೀ. ನಾನು ಹಿಡೀತೀನಿ. ಸಿಟ್ಟು ನನ್ನ ಮೇಲಿರಲಿ."

ಟವಲು ಇಸಿದುಕೊಂಡೆ. ಬೈಸಿಕೊಳ್ಳುವುದಾದರೆ ನಿಮ್ಮ ಶಿಷ್ಯನೇ ಬೈಸಿಕೊಳ್ಳಲಿ ಎನಿಸಿತು. ಕುರ್ಚಿ ಹತ್ತಿ ಎಸೆದೆ, ಅವಳ ಮೇಲೆಯೇ ಬಿತ್ತು. ಅಷ್ಟು ಕಿರುಚುತ್ತಿದ್ದ ರಾಣಿ ಟವಲಿನೊಳಗೆ ಒಂದು ಸದ್ದೂ ಮಾಡಲಿಲ್ಲ. ಅದೇ ನನ್ನನ್ನು ಹೆದರಿಸಿತು. ನಿಮ್ಮ ಎಂಟು ತಿಂಗಳ ಕೆಲಸವನ್ನು ನಾನು ಎಂಟು ಸೆಕೆಂಡಿನಲ್ಲಿ ಮುಗಿಸಿದ್ದೆ.

ಆಮೇಲಿನ ಹತ್ತೊಂಬತ್ತು ದಿನ ಅವಳು ಗೋಡೆಗೆ ಮುಖ ಮಾಡಿಯೇ ಕೂತಳು. ನಾನು ರೂಮಿನಿಂದ ಹೋದ ಮೇಲೆ ಮಾತ್ರ ತಿನ್ನುತ್ತಿದ್ದಳು. ಪಂಜರ ತೆರೆದರೆ ರಾಯ ಹೊರಗೆ ಹೋಗಿ ಬರುತ್ತಿದ್ದ, ಅವಳು ಕದಲುತ್ತಿರಲಿಲ್ಲ. ನಿನ್ನೆ ಬೆಳಿಗ್ಗೆ ಕೊನೆಗೂ ಹೊರಗೆ ಬಂದವಳು ನೇರ ಕರ್ಟನ್ ರಾಡಿಗೆ ಹೋದಳು. ಇಡೀ ದಿನ ಇಳಿಯಲಿಲ್ಲ, ತಿನ್ನಲಿಲ್ಲ. ಫ್ರಿಜ್ಜಿನ ಮೇಲೆ ಒಂದು ಹಿಡಿ ಕಾಳಿಡಲೇ ಎಂದು ಶೈಲ ಎರಡು ಸಲ ಕೇಳಿದಳು. ಬೇಡ ಎಂದೆ. ಅಷ್ಟು ಸಣ್ಣ ಜೀವ, ಇನ್ನೊಂದು ದಿನ ಹೀಗೇ ಆದರೆ... ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಇವತ್ತು ಬೆಳಿಗ್ಗೆ ರಾಣಿ ಇಳಿದಳು. ಮೊದಲು ಪಂಜರದ ನೆತ್ತಿಗೆ, ಆಮೇಲೆ ಬಾಗಿಲ ಅಂಚಿಗೆ. ನಾನು ಸಿಂಕಿನ ಕಡೆ ಮುಖ ಮಾಡಿ, ತೊಳೆದ ಲೋಟವನ್ನೇ ತೊಳೆಯುತ್ತಾ ನಿಂತೆ. ಶೈಲ ಪಿಸುಗುಟ್ಟಿದಳು: "ಒಳಗೆ ಹೋದ್ಲು ರೀ. ಬೇಗ ಬಾಗಿಲು ಹಾಕಿ."

ಹಾಕಲಿಲ್ಲ ಅಕ್ಕಾ. ಅವಳು ತಿಂದಳು, ಹೊರಗೆ ಬಂದು ನನ್ನನ್ನೊಮ್ಮೆ ನೋಡಿದಳು, ಮತ್ತೆ ಒಳಗೆ ಹೋದಳು. ನಾಳೆಯೂ ಹಾಕುವುದಿಲ್ಲ. ನಾನು ಎದುರಿಗಿರುವಾಗಲೇ ಅವಳು ಒಳಗೆ ಕೂತು ಕಣ್ಣು ಮುಚ್ಚಿ ತೂಕಡಿಸುವ ದಿನದವರೆಗೂ ಆ ಬಾಗಿಲಿಗೆ ನನ್ನ ಕೈ ಹೋಗುವುದಿಲ್ಲ.