ಆಕಿ ಬರಂಗಿಲ್ಲ

ಜನವರಿ 12, ಸೋಮವಾರ

ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ. ಗ್ಯಾಸ್ ಬುಕ್ ಮಾಡಬೇಕು, ಮರೆಯಬಾರದು. ಹತ್ತು ಗಂಟೆಗೆ ವೀರಪ್ಪನವರು ಬಂದರು, ಬೋರ್ಡಿಂಗ್ ಕಮಿಟಿಯ ಅಧ್ಯಕ್ಷರು. ಚಹಾ ಕೊಟ್ಟು ಒಳಗೆ ಹೊರಟಿದ್ದೆ.

"ಕುಂಡ್ರಿ ಉಮಾಶ್ರೀ ಅವರ. ಕೆಲಸ ನಿಮ್ಮ ಕಡೇನಽ ಐತಿ."

ಅತ್ತೆ ಇದ್ದಿದ್ದರೆ ಈ ವರ್ಷ ನೂರು. ಹೋಗಿ ಹದಿನೈದು ವರ್ಷ. ಫೆಬ್ರವರಿ 22ಕ್ಕೆ ಅವರ ತವರು ಕಿತ್ತೂರಿನಲ್ಲಿ ಶತಮಾನೋತ್ಸವ. ಪುಸ್ತಕ ಬರಬೇಕಂತೆ — ಗುರವ್ವ ತಾಯಿಯ ಜೀವನ ಚರಿತ್ರೆ. ನಾನು ಬರೆಯಬೇಕಂತೆ.

"ಅರವತ್ತು ಪುಟ ಸಾಕು. ಓದಿದವರ ಕಣ್ಣಾಗ ನೀರು ಬರಬೇಕು ನೋಡ್ರಿ. ಹದಿನೆಂಟು ವರ್ಷ ತಾಯಿ ಜೋಡಿ ಒಂದಽ ಮನ್ಯಾಗ ಇದ್ದವರು ನೀವು."

ಇವರು ಪೇಪರಿನ ಹಿಂದಿನಿಂದಲೇ, "ಬರೀಲಿ, ಆಕಿಗೆ ಬರತೈತಿ" ಅಂದರು. ಖುಷಿಯಾಯಿತು. ಶಿಕ್ಷಕರ ತರಬೇತಿ, ಟಿಸಿಎಚ್ ಮಾಡಿದವಳು ನಾನು. ಯಾರಾದರೂ ಬರೆಯುವ ಕೆಲಸ ಕೊಟ್ಟು ಎಷ್ಟು ವರ್ಷವಾಯಿತು…

ಜನವರಿ 13

ಹೊಸ ನೋಟ್‌ಬುಕ್ ತಂದೆ. ಎಲ್ಲರಿಗೂ ಗೊತ್ತಿರುವುದು ಮೊದಲು. ಅತ್ತೆ ಮದುವೆಯಾಗಿ ಬೈಲಹೊಂಗಲಕ್ಕೆ ಬಂದಳು. ಅವಳಿಗೆ ನಲವತ್ತೊಂದಾಗಿದ್ದಾಗ ಗಂಡ ತೀರಿಹೋದ. ಮೂರು ವರ್ಷದ ಮಗ. ಮರುವರ್ಷವೇ ಸ್ವಂತ ಮನೆಯಲ್ಲಿ ಏಳು ಹುಡುಗಿಯರನ್ನಿಟ್ಟುಕೊಂಡು ಬೋರ್ಡಿಂಗ್ ತೆಗೆದಳು. ಈ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಅಂಥದ್ದು ಅದೇ ಮೊದಲು. ಹಳ್ಳಿ ಹಳ್ಳಿಗೆ ನಡೆದುಕೊಂಡು ಹೋಗುತ್ತಿದ್ದಳು. ದಾನಕ್ಕೆ ಬಂದಿದ್ದಾಳೆಂದು ಜನ ಜೋಳ ತಂದು ಸುರಿದರೆ, "ಜ್ವಾಳ ಬ್ಯಾಡ್ರಿ, ಹುಡುಗಿ ಕೊಡ್ರಿ" ಅನ್ನುತ್ತಿದ್ದಳು. ಆ ಮಾತನ್ನು ಬೋರ್ಡಿಂಗಿನ ಗೋಡೆಯ ಮೇಲೆ ಬರೆಸಿದ್ದಾರೆ.

ನಮ್ಮಪ್ಪನೂ ಅದನ್ನು ಓದಿಯೇ ಕೊಟ್ಟದ್ದು. "ಇಂಥ ಮನಿಗೆ ಕೊಟ್ಟರ ನನ್ನ ಮಗಳು ಟೀಚರ್ ಆಗತಾಳ" ಅಂದಿದ್ದ.

ಜನವರಿ 16, ಶುಕ್ರವಾರ. ಮಧ್ಯಾಹ್ನ 3

ಫೋಟೋ ಹುಡುಕಲು ಅತ್ತೆಯ ಟ್ರಂಕ್ ತೆಗೆದೆ. ಸನ್ಮಾನ ಪತ್ರಗಳು, ಪಟ್ಟಿಗಳು, ಹುಡುಗಿಯರ ಕಾಗದಗಳು. ತಳದಲ್ಲಿ ಕಂದು ಲಕೋಟೆ. ಒಡೆದದ್ದು. ಮೇಲೆ ನನ್ನ ಹೆಸರು.

ನೇಮಕಾತಿ ಆದೇಶ. 3 ಜೂನ್ 1996. ಪ್ರಾಥಮಿಕ ಶಾಲಾ ಶಿಕ್ಷಕಿ. ಕಟಕೋಳದ ಆಚೆಗಿನ ಒಂದು ಶಾಲೆ. ತಲುಪಿದ ಹದಿನೈದು ದಿನದೊಳಗೆ ಹಾಜರಾಗತಕ್ಕದ್ದು.

ನಾನು ಆಯ್ಕೆಯಾಗಿದ್ದೆ.

ಸಂಜೆ 6

"ಎಲ್ಲರಿಗೂ ಆಗಂಗಿಲ್ಲವಾ, ಬಿಡು" ಅಂತ ಅವತ್ತು, ಆದೇಶ ಬರಲಿಲ್ಲವೆಂದು ಕುಳಿತಿದ್ದ ನನ್ನ ತಲೆಯನ್ನು ಅತ್ತೆ ಸವರಿದ್ದಳು. ಅದೇ ಕೈ. ನಾನು ಅತ್ತುಬಿಟ್ಟೆ. ಆಮೇಲೆ ಎದ್ದು ಹೋಗಿ ನಲವತ್ತು ಹುಡುಗಿಯರಿಗೆ ರೊಟ್ಟಿ ಬಡಿದೆ. ಹದಿನಾರು ವರ್ಷ ಬಡಿದೆ.

ಇವತ್ತು ಅತ್ತೆಯ ಫೋಟೋಗೆ ಹೂ ಹಾಕಲಿಲ್ಲ.

ಜನವರಿ 19

ರಿಜಿಸ್ಟರ್ ಅಂಚೆ. ಅಂದರೆ ಯಾರೋ ಸಹಿ ಮಾಡಿ ತೆಗೆದುಕೊಂಡಿದ್ದಾರೆ. ಅತ್ತೆಯೇ ಇರಬೇಕು. ಆದರೂ ಕೇಳಬೇಕು. ಆಗಿನ ಪೋಸ್ಟ್‌ಮನ್ ಹಜರತಸಾಬ ಈಗ ಯರಗಟ್ಟಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಪುಸ್ತಕದ ಕೆಲಸ ಅಂತ ಹೇಳಿ ಬಸ್ಸು ಹತ್ತಿದೆ.

ಎಂಬತ್ತರ ಮೇಲಾಗಿದೆ. ನೋಡಿದ ಕೂಡಲೇ ಗುರುತು ಹಿಡಿದ. ಲಕೋಟೆ ಮುಂದಿಟ್ಟೆ. ಬಹಳ ಹೊತ್ತು ಮುಟ್ಟಲಿಲ್ಲ.

"ಮಾದೇವಪ್ಪನವರು ಸಹಿ ಮಾಡಿದ್ರು ಅವ್ವಾರ. ನಿಮ್ಮ ಯಜಮಾನರು. ಸರ್ಕಾರಿ ಲಕೋಟೆ, ಪೇಢೆ ಕೊಡಸ್ರಿ ಅಂದೆ. ಮಾತಾಡದಽ ಒಳಗ ಹೋದ್ರು."

"ಮೂವತ್ತು ವರ್ಷ ಆತು. ಹೆಂಗ ನೆನಪ ಐತಿ?"

"ಮರುದಿನ ನೀವು ಬಾಗಿಲದಾಗ ನಿಂತು, ನಂದೇನರ ಐತೇನ್ರಿ ಅಂತ ಕೇಳಿದ್ರಿ. ಮುಂದೂ ದಿನಾ ಕೇಳಿದ್ರಿ. ಮಂದಿ ಮನಿ ಮಾತು… ಬಾಯಿ ಬಿಡಲಿಲ್ಲ ನೋಡ್ರಿ. ನಂದೂ ತಪ್ಪೈತಿ."

ಅವನ ಮಗಳು ಚಹಾ ತಂದಳು. ಕುಡಿದೆ. ಏನು ಕುಡಿದೆನೋ ತಿಳಿಯಲಿಲ್ಲ.

ಜನವರಿ 20

"ಇವರು" ಅಂತ ಬರೆಯಲು ಇನ್ನು ಕೈ ಬರುವುದಿಲ್ಲ. ಹೆಸರು ಇದೆ — ಮಹಾದೇವ. ಹಾಗೇ ಬರೆಯುತ್ತೇನೆ.

ನಾಷ್ಟಾ ಮಾಡುತ್ತಿದ್ದ ಮಹಾದೇವನ ತಟ್ಟೆಯ ಪಕ್ಕ ಲಕೋಟೆ ಇಟ್ಟೆ. ಕೈ ನಿಂತಿತು. ತಲೆ ಎತ್ತಲಿಲ್ಲ.

"ಅವ್ವ ಅಂದ್ಲು, ಈಕಿ ಹ್ವಾದ್ರ ಅಷ್ಟು ಹುಡುಗ್ಯಾರಿಗೆ ಅಡಗಿ ಮಾಡೋರು ಯಾರು ಅಂತ."

"ನೀ ಏನಂದಿ?"

ಮೊದಲ ಸಲ "ನೀ" ಅಂದೆ. ಅವನಿಗೆ ಅದು ಕೇಳಿಸಿತು.

"ಒಂದು ವರ್ಷ ಬಿಟ್ಟು ಹೇಳಿದ್ರಾತು ಅಂತ ಮಾಡಿದ್ದೆ. ಆಮ್ಯಾಲೆ… ಹೆಂಗ ಹೇಳೂದು?"

ಅಷ್ಟೇ. ಮೂವತ್ತು ವರ್ಷಕ್ಕೆ ಅವನ ಉತ್ತರ ಅಷ್ಟೇ. ಸಿಟ್ಟಿನಲ್ಲಿ ಲಕೋಟೆ ಹರಿದುಹಾಕಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ತೆಗೆದಿಟ್ಟಿದ್ದರು — ತಾಯಿ, ಮಗ ಇಬ್ಬರೂ ಸೇರಿ.

ಪುಸ್ತಕ ಬರೆಯುತ್ತೇನೆ. ಇನ್ನು ಖಂಡಿತ ಬರೆಯುತ್ತೇನೆ.

ಜನವರಿ 29, ಸವದತ್ತಿ

ಅತ್ತೆಯ ಮೇಲೆ ದೂರು ಹುಡುಕುತ್ತ ಬಂದೆ. ಸತ್ಯವ್ವನ ಮನೆಗೆ. ಬೋರ್ಡಿಂಗಿನ ಮೊದಲ ಏಳು ಹುಡುಗಿಯರಲ್ಲಿ ಒಬ್ಬಳು, ನರ್ಸ್ ಆಗಿ ನಿವೃತ್ತಿ. ತಾಯಿ ಯಾರಿಗಾದರೂ ಅನ್ಯಾಯ ಮಾಡಿದ್ದು ನೆನಪಿದೆಯೇ ಅಂತ ಸುತ್ತಿ ಬಳಸಿ ಕೇಳಿದೆ.

"ನನ್ನ ಲಗ್ನಕ್ಕ ಎಳಕೊಂಡು ಹೋಗಾಕ ನಮ್ಮಪ್ಪ ನಾಕು ಮಂದಿ ಕಟಗೊಂಡು ಬಂದಿದ್ದ. ತಾಯಿ ಬಾಗಿಲಕ್ಕ ಅಡ್ಡ ಕುಂತ್ಲು ನೋಡ್ರಿ. ನನ್ನ ಮ್ಯಾಲೆ ಕಾಲಿಟ್ಟು ಒಳಗ ಹೋಗ್ರಿ ಅಂದ್ಲು. ಮುಂಜಾನಿಂದ ಸಂಜೀತನಕ ನೀರು ಸುದ್ದಾ ಮುಟ್ಟಲಿಲ್ಲ. ಕಡೀಕ ನಮ್ಮಪ್ಪನಽ ಅತ್ತುಬಿಟ್ಟ. ನಾ ನರ್ಸ್ ಆದೆ. ಎಷ್ಟು ಕೂಸು ಈ ಕೈಯಾಗ ಹುಟ್ಯಾವೋ!"

ಬರೆದುಕೊಂಡೆ. ಹಲ್ಲು ಕಚ್ಚಿಕೊಂಡು ಬರೆದುಕೊಂಡೆ. ಸುಳ್ಳಾಗಿದ್ದರೆ ಸುಲಭವಿತ್ತು. ಒಂದೂ ಸುಳ್ಳಲ್ಲ.

ಫೆಬ್ರವರಿ 3, ಮಂಗಳವಾರ

ಕಟಕೋಳಕ್ಕೆ ಹೋಗಿಬಂದೆ. ನಾನು ಕಲಿಸಬೇಕಾಗಿದ್ದ ಶಾಲೆಯನ್ನು ಒಮ್ಮೆ ಕಣ್ಣಿಂದ ನೋಡಬೇಕಿತ್ತು. ಬಸ್ ಸ್ಟ್ಯಾಂಡಿನಿಂದ ಆಟೋ. ನಾಲ್ಕು ಕೋಣೆ, ಒಂದು ಬೇವಿನ ಮರ. ಮಗ್ಗಿ ಹೇಳುವ ಸದ್ದು.

ಮುಖ್ಯೋಪಾಧ್ಯಾಯಿನಿ ಹೊರಗೆ ಬಂದಳು. "ವೈನಿ! ನೀವು ಇಲ್ಲಿ?" — ಸಾಯಿರಾ. ಬೋರ್ಡಿಂಗಿನ ಹುಡುಗಿ. ಹುಡುಗಿಯರೆಲ್ಲ ನನ್ನನ್ನು ವೈನಿ, ಅಂದರೆ ಅತ್ತಿಗೆ, ಅಂತಲೇ ಕರೆಯುತ್ತಿದ್ದರು. ಸಣಕಲಿ, ಆದರೆ ನಾಲ್ಕು ರೊಟ್ಟಿ ತಿನ್ನುತ್ತಿದ್ದಳು. ಸುತ್ತಲಿನ ಊರುಗಳಲ್ಲಿ ಕೆಲಸ ಮಾಡಿ ಈಗ ಮೊದಲಿನ ಶಾಲೆಗೇ ಮರಳಿ ಬಂದಿದ್ದಾಳಂತೆ.

ಮೊದಲಿನ ಶಾಲೆ. ಕೇಳಿದೆ — ಯಾವ ವರ್ಷ?

"ತೊಂಬತ್ತಾರು. ನನ್ನ ಹೆಸರು ವೇಟಿಂಗ್ ಲಿಸ್ಟಿನ್ಯಾಗ ಇತ್ತು ವೈನಿ. ತಾಯಿ ತಾವಽ ರಾಮದುರ್ಗಕ್ಕ ನಮ್ಮ ಮನಿಗೆ ಬಂದ್ರು. ಜೂನ್ ಹತ್ತು, ನಮ್ಮ ಅಬ್ಬಾ ತೀರಿಕೊಂಡ ನಲವತ್ತನೇ ದಿನ. ತಯಾರಾಗು, ಒಂದು ಜಾಗ ಖಾಲಿ ಆಗತೈತಿ ಅಂದ್ರು. ನನಗ ಅಂಜಿಕಿ. ಮ್ಯಾಲಿನ ಹೆಸರಿನಾಕಿ ಬಂದ್ರ ಅಂದೆ. 'ಆಕಿ ಬರಂಗಿಲ್ಲ' ಅಂದ್ರು."

ಆಕಿ ಬರಂಗಿಲ್ಲ.

ಆದೇಶ ನಮ್ಮ ಮನೆ ತಲುಪಿದ್ದು ಜೂನ್ ಎಂಟಕ್ಕೆ. ಲಕೋಟೆಯ ಮೇಲೆ ಅಂಚೆ ಠಸ್ಸೆ ಇದೆ. ಎರಡೇ ದಿನ. ಇನ್ನೂ ಹದಿಮೂರು ದಿನ ನನ್ನದಾಗಿತ್ತು. ಅಷ್ಟರಲ್ಲಿ ಎದ್ದು, ಬಸ್ಸು ಹತ್ತಿ ಹೋಗಿ, ನನ್ನ ನೌಕರಿಯನ್ನು ಇವಳಿಗೆ ಕೊಟ್ಟು ಬಂದಿದ್ದಳು. ಅಡುಗೆಯ ಚಿಂತೆ ಮಗನಿಗೆ ಹೇಳಿದ ಮಾತು. ಅಥವಾ ಎರಡೂ ನಿಜ. ಒಂದೇ ಕಲ್ಲಿನಿಂದ ಎರಡು ಗೋಡೆ ಕಟ್ಟಿದಳು. ಆ ಕಲ್ಲು ನಾನು.

"ಆ ನೌಕರಿ ಇಲ್ಲಂದ್ರ ನಮ್ಮವ್ವ, ನಾಕು ತಂಗ್ಯಾರು ಬೀದಿಗೆ ಬರತಿದ್ವಿ" ಅಂದಳು. ಕಣ್ಣಲ್ಲಿ ನೀರು. ತನ್ನ ಡಬ್ಬಿಯ ಅನ್ನ ಹಂಚಿಕೊಟ್ಟಳು. ತಿಂದೆ. ಏನೂ ಹೇಳಲಿಲ್ಲ.

ಫೆಬ್ರವರಿ 11

ಮುಗಿಯಿತು. ನಲವತ್ತು ಪುಟ ಹೊಗಳಿದ್ದೇನೆ. ಒಂದು ಸುಳ್ಳೂ ಇಲ್ಲದೆ ಹೊಗಳಿದ್ದೇನೆ. ಸತ್ಯವ್ವನ ಬಾಗಿಲು, ಹಳ್ಳಿಯ ದಾರಿ, ಎಲ್ಲ ಇದೆ. ಓದಿದವರು ಅವಳನ್ನು ಪ್ರೀತಿಸಲೇಬೇಕು. ಆಮೇಲೆ ನಲವತ್ತೊಂದನೇ ಪುಟದಲ್ಲಿ ಆದೇಶದ ಪ್ರತಿ. ಕೆಳಗೆ ನಡೆದದ್ದು — ಅದೂ ಒಂದು ಸುಳ್ಳಿಲ್ಲದೆ. ಸಹಿ ಮಾಡಿದವನ ಹೆಸರು ಹಾಕಿದ್ದೇನೆ. ಸಾಯಿರಾಳದ್ದು ಬಿಟ್ಟಿದ್ದೇನೆ. ಅವಳದ್ದೇನು ತಪ್ಪು? "ಆ ಜಾಗಕ್ಕೆ ಇನ್ನೊಬ್ಬರು ಹೋದರು." ಅಷ್ಟೇ.

ಫೆಬ್ರವರಿ 14

ವೀರಪ್ಪನವರು ಓದಿ ಬಂದರು. ಮುಖ ಕಪ್ಪಿಟ್ಟಿತ್ತು.

"ಏನ್ರೀ ಇದು? ಸತ್ತವರ ಮ್ಯಾಲೆ ಹಗೆ ತೀರಿಸ್ಕೋತೀರೇನು?"

"ಹೌದ್ರಿ."

ಅವರು ಅದನ್ನು ನಿರೀಕ್ಷಿಸಿರಲಿಲ್ಲ. ಕೆಂಪು ಪೆನ್ನಿನಿಂದ ಆ ಪುಟಕ್ಕೆ ಅಡ್ಡಗೆರೆ ಹೊಡೆದರು. "ಆ ಜಾಗಕ್ಕ ಬೋರ್ಡಿಂಗಿನ ಫೋಟೋ ಹಾಕ್ರಿ." ಮಹಾದೇವ ಬಾಗಿಲವರೆಗೆ ಅವರನ್ನು ಕಳಿಸಿ ಬಂದ. ಹಗುರಾದಂತಿದ್ದ.

ಇವತ್ತಿನಿಂದ ರೊಟ್ಟಿ ಬಡಿಯುವುದಿಲ್ಲ ಅಂತ ಅವನಿಗೆ ಹೇಳಿದೆ. ಖಾನಾವಳಿಗೆ ಹೋಗಿ ಉಂಡು ಬಂದ.

ಫೆಬ್ರವರಿ 17

ಪ್ರೆಸ್ಸಿಗೆ ಹೋದೆ. ಪುಟ ಕಟ್ಟುವವಳು ಮಂಜುಳಾ, ಚುರುಕಿನ ಹುಡುಗಿ. ಆ ಪುಟ ಹಾಕು ಅಂದೆ.

"ವೀರಪ್ಪ ಸಾಹೇಬ್ರು ಬ್ಯಾಡ ಅಂದಾರ್ರಿ."

"ಪುಸ್ತಕ ಬರದಾಕಿ ನಾನು. ನನ್ನ ಜವಾಬ್ದಾರಿ ಅಂತ ಸಹಿ ಮಾಡಿ ಕೊಡತೇನಿ. ನಿನ್ನ ಮ್ಯಾಲೆ ಬರಂಗಿಲ್ಲ."

ಮಂಜುಳಾ ಸ್ಕ್ರೀನಿನ ಮೇಲೆ ಆ ಪುಟ ಓದಿದಳು. ಎರಡು ಸಲ ಓದಿದಳು. ನನ್ನ ಕಡೆ ನೋಡದೆ, "ಕುಂಡ್ರಿ ಅಕ್ಕಾರ, ಹಾಕತೇನಿ" ಅಂದಳು.

ಫೆಬ್ರವರಿ 22, ಭಾನುವಾರ. ಸಂಜೆ 7, ಕಿತ್ತೂರಿನಿಂದ ಬಂದು

ಬರೆದಿಡುತ್ತೇನೆ, ನಡೆದ ಹಾಗೆ.

ಹಾಲ್ ತುಂಬಿತ್ತು. ಬೋರ್ಡಿಂಗಿನ ಹಳೆಯ ಹುಡುಗಿಯರೇ ಇನ್ನೂರಕ್ಕೂ ಹೆಚ್ಚು. ಡಾಕ್ಟರ್, ವಕೀಲರು, ಟೀಚರುಗಳು, ಒಬ್ಬ ಪಿಎಸ್‌ಐ. ಪುಸ್ತಕ ಬಿಡುಗಡೆಯಾಗಿ ಕೈಯಿಂದ ಕೈಗೆ ಹೋಯಿತು. ಆಮೇಲೆ ನನ್ನನ್ನು ಕರೆದರು — ಎರಡು ನಿಮಿಷ.

ಮೈಕ್ ಮುಂದೆ ನಲವತ್ತೊಂದನೇ ಪುಟ ತೆಗೆದು ಓದಿದೆ. ಆದೇಶದ ತಾರೀಖು ಓದಿದೆ. ತಲುಪಿದ ದಿನ, ಶಾಲೆಯ ಊರು, ಸಹಿ ಮಾಡಿದವರ ಹೆಸರು. "ನೀವು ಇಷ್ಟೂ ಮಂದಿ ಉಂಡ ರೊಟ್ಟಿಯ ಸಲುವಾಗಿ" ಅಂತ ಕೊನೆಯ ಸಾಲು.

ವೀರಪ್ಪನವರು ಎದ್ದು ನಿಂತು ಕೈಯಾಡಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಮಹಾದೇವ ತಲೆ ಬಗ್ಗಿಸಿ ಕುಳಿತಿದ್ದ, ಪುಸ್ತಕ ಮಡಿಲಲ್ಲಿ ತೆರೆದೇ ಇತ್ತು. ಅಕ್ಕಪಕ್ಕದವರು ಅವನ ಕಡೆ ತಿರುಗಿ ನೋಡಿದರು. ಸತ್ಯವ್ವ ಎದ್ದು ಹೊರಗೆ ಹೋದಳು. ಒಬ್ಬಳು "ಇಂಥಾ ದಿನದಾಗ ಇದು ಬೇಕಿತ್ತೇನ್ರಿ?" ಅಂತ ಕೂಗಿದಳು. ಇನ್ನೊಬ್ಬಳು ಬಂದು ನನ್ನ ಕೈ ಹಿಡಿದಳು.

ಖುಷಿಯಾಯಿತು. ಈ ದಿನಚರಿಯಲ್ಲಿ ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ಬಹಳ ಖುಷಿಯಾಯಿತು.

ಮೂರನೇ ಸಾಲಿನಲ್ಲಿ ಸಾಯಿರಾ ಇದ್ದಳು. ತಾರೀಖು ಓದಿದಾಗ ಅವಳ ತುಟಿ ಅಲುಗಿತು. ಲೆಕ್ಕ ಹಾಕುತ್ತಿದ್ದಳು. ಮತ್ತೆ ನೋಡಿದಾಗ ಕುರ್ಚಿ ಖಾಲಿ.

ಫೆಬ್ರವರಿ 25

ಉಳಿದ ಪುಸ್ತಕಗಳನ್ನು ವೀರಪ್ಪನವರು ಬೀಗ ಹಾಕಿ ಇಟ್ಟಿದ್ದಾರಂತೆ. ಇಟ್ಟುಕೊಳ್ಳಲಿ. ಜನರ ಕೈಗೆ ಹೋದವು ಹೋದವು.

ಹುಬ್ಬಳ್ಳಿಯಿಂದ ಮಗಳು ರೇಣು ಫೋನ್ ಮಾಡಿ ಅತ್ತಳು. "ಅಜ್ಜಿ ಸತ್ತಾಳವ್ವ, ಉತ್ತರ ಕೊಡಾಕ ಬರಂಗಿಲ್ಲ." ಅಪ್ಪ ಬದುಕಿದ್ದಾನಲ್ಲ, ಅವನನ್ನು ಕೇಳು ಅಂದೆ. ಫೋನ್ ಇಟ್ಟುಬಿಟ್ಟಳು.

ಮಹಾದೇವ ಎರಡು ದಿನದಿಂದ ಹೊರಗೆ ಹೋಗಿಲ್ಲ. ಅನ್ನ ಮಾಡಿಕೊಳ್ಳಲು ಕಲಿಯುತ್ತಿದ್ದಾನೆ. ಇವತ್ತು ತಳ ಹಿಡಿಸಿದ. ನೋಡಿಯೂ ಎದ್ದು ಹೋಗಲಿಲ್ಲ.

ಮಾರ್ಚ್ 1, ಭಾನುವಾರ

ಸಾಯಿರಾ ಬಂದಿದ್ದಳು. ಕುಂಡ್ರು ಅಂದರೂ ಕೂರಲಿಲ್ಲ.

"ಆ ಮ್ಯಾಲಿನ ಹೆಸರು ನೀವಽ ಏನ್ರಿ ವೈನಿ?"

"ಹೌದು."

"ಅವತ್ತು ಸಾಲ್ಯಾಗ ನನ್ನ ಡಬ್ಬಿ ಉಂಡ್ರಿ. ಗೊತ್ತಿದ್ದಽ ಉಂಡ್ರಿ?"

"ನಿನ್ನ ತಪ್ಪೇನೈತಿ? ಅದಕ್ಕಽ ನಿನ್ನ ಹೆಸರು ಬರೀಲಿಲ್ಲ."

"ನನಗ ಗೊತ್ತಾಗೂದು ಬ್ಯಾಡ ಅಂತ ನೀವಽ ಠರಾಯಿಸಿದ್ರಿ. ನನ್ನ ಒಂದು ಮಾತು ಕೇಳಲಿಲ್ಲ. ತಾಯಿ ನಿಮ್ಮನ್ನ ಕೇಳಿರಲಿಲ್ಲ ನೋಡ್ರಿ… ಹಂಗಽ."

ಕೆನ್ನೆಗೆ ಹೊಡೆದಂತಾಯಿತು. ಆಮೇಲೆ ಅವಳೇ ಕುಳಿತಳು, ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು.

"ನನ್ನ ಮ್ಯಾಲೆ ಸಿಟ್ಟು ಐತೇನ್ರಿ?"

"ಇಲ್ಲವಾ."

"ಖರೇ ಹೇಳ್ರಿ."

ಅವಳ ಸೀರೆ, ಕೈಗಡಿಯಾರ, ಚೀಲದಿಂದ ಇಣುಕುತ್ತಿದ್ದ ಹಾಜರಿ ಪುಸ್ತಕ. ನೋಡಿದೆ.

"ಐತಿ."

"ಇರಬೇಕು. ನಾ ಇದ್ರ ನನಗೂ ಇರತಿತ್ತು. ಬರೀರಿ. ಎಷ್ಟೈತೋ ಅಷ್ಟೂ, ನನ್ನ ಹೆಸರು ಹಾಕಿಽ ಬರೀರಿ. ಮಂದಿಗೆ ಆಮ್ಯಾಲೆ. ಮೊದಲ ನನಗ ಓದಾಕ ಕೊಡ್ರಿ."

ಎದ್ದು ಹೋದಳು. ನೀರು ಸಹ ಕುಡಿಯಲಿಲ್ಲ.

ಮಾರ್ಚ್ 2. ಮಧ್ಯಾಹ್ನ

ಬರೆಯಲು ಕುಳಿತು ಒಂದು ತಾಸಾಯಿತು. ಮೂರು ಹಾಳೆ ಹರಿದೆ. ಅತ್ತೆಯ ಬಗ್ಗೆ ಬರೆಯುವಾಗ ಕೈ ತಡೆಯಲಿಲ್ಲ, ಅವಳು ಓದುವವಳಲ್ಲ. ಇವಳು ಓದುತ್ತಾಳೆ. ಪ್ರತಿ ಅಕ್ಷರ ಓದುತ್ತಾಳೆ, ಟೀಚರ್.

ಸರಿ. ಇನ್ನೊಮ್ಮೆ.

ಸಾಯಿರಾ, ನಿನಗೆ ಹಡೆಯುವ ದಿನ ಹತ್ತಿರ ಬಂದಾಗ ರಜೆ ಸಿಕ್ಕಿತು ಅಂತ ಅತ್ತೆ ಹೇಳಿದ್ದರು, ಸಂಬಳ ಸಮೇತ ಅಂತ. ನಾನು ರೇಣುವನ್ನು ಹಡೆಯುವ ಹಿಂದಿನ ದಿನವೂ ಒಲೆಯ ಮುಂದೆ ಇದ್ದೆ. ಆ ದಿನ ನಾನು ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟೆ, ಆ ರಜೆ ನನ್ನದಾಗಬೇಕಿತ್ತು ಅಂತ ಗೊತ್ತಿಲ್ಲದೆಯೇ.