ಲಾಂಡ್ರಿಯಲ್ಲಿ ಕೈ ಎತ್ತಿದ ದಿನ

ಲಾಂಡ್ರಿಯ ಮೇಲಿನ ಕೋಣೆ
ಗುರುವಾರ, ೧೪ನೇ ತಾರೀಖು

ನನ್ನ ಅಪ್ಪನಿಗೆ ಮಗಳ ನಮಸ್ಕಾರ.

ಸೊಂಟದ ನೋವು ಈಗ ಹೇಗಿದೆ ಅಪ್ಪಾ? ಕ್ರೇನಿನ ಸೀಟಿಗೆ ಒಂದು ದಿಂಬು ಹಾಕಿಕೊಳ್ಳಿ ಎಂದು ಬರೆದಿದ್ದೆ, ಹಾಕಿಕೊಂಡಿರೋ ಇಲ್ಲವೋ. ಬಂದರಿನವರು ನಗುತ್ತಾರೆಂದು ಬಿಟ್ಟಿದ್ದರೆ, ನೋಯುವುದು ಅವರ ಸೊಂಟವಲ್ಲ. ನಾನು ಚೆನ್ನಾಗಿದ್ದೇನೆ. ಬಟ್ಟೆ ಮಡಿಸಿ ಮಡಿಸಿ ಈಗ ಕಣ್ಣು ಮುಚ್ಚಿಕೊಂಡೂ ಮಡಿಸುತ್ತೇನೆ.

ಲೈಬ್ರರಿಯ ತರಗತಿಗೆ ಹೋಗುತ್ತಿದ್ದೇನೆ. ಹೊಸದಾಗಿ ಮತದ ಹಕ್ಕು ಬಂದವರಿಗೆಂದು ನಡೆಸುವುದು. ಐದನೇ ಕ್ಲಾಸಿಗೇ ಬಿಟ್ಟವಳಿಗೆ ಇಲ್ಲೇನು ಕೆಲಸ ಎನ್ನಿಸಿ ಮೊದಲ ದಿನ ಬಾಗಿಲ ಹತ್ತಿರವೇ ಕೂತಿದ್ದೆ, ಎದ್ದು ಓಡಲು ಸುಲಭವಾಗಲೆಂದು. ಮೇಡಂ ಪುಸ್ತಕವನ್ನೇ ತೆರೆಯಲಿಲ್ಲ. "ವೋಟಿನ ದಿನ ಬರೋವರೆಗೂ ಬಾಯಿ ಮುಚ್ಕೊಂಡಿರ್ತೀರಾ? ನೀವು ಕೆಲಸ ಮಾಡೋ ಜಾಗದಲ್ಲಿ ಎಲ್ಲರಿಗೂ ಬೇಕಾದ ಒಂದು ವಿಷಯ ಹುಡುಕಿ, ಎಲ್ಲರನ್ನೂ ಕೂರಿಸಿ ತೀರ್ಮಾನ ಮಾಡ್ಕೊಂಡು ಬನ್ನಿ" ಎಂದರು.

ನನಗೆ ತಕ್ಷಣ ಹೊಳೆದದ್ದು ವಾರದ ರಜೆ. ನಮ್ಮ ಯಜಮಾನರು ಮನಸ್ಸು ಬಂದ ದಿನ ಬೀಗ ಹಾಕುತ್ತಾರೆ. ನಿಮಗೆ ಬಿಡುವು ಭಾನುವಾರವೊಂದೇ. ನಾನು ಇಲ್ಲಿಗೆ ಸೇರಿದ ಮೇಲೆ ನಾವಿಬ್ಬರೂ ಕೂತು ಒಂದು ಊಟ ಮಾಡಿಲ್ಲ. ಇನ್ನು ಭಾನುವಾರ ಭಾನುವಾರ ಬರುತ್ತೇನೆಂದು ಹೋದ ಪತ್ರದಲ್ಲಿ ಬರೆದದ್ದು ಆ ಆಸೆಯಿಂದಲೇ. ಧೈರ್ಯ ಮಾಡಿ ಯಜಮಾನರ ಮುಂದೆ ನಿಂತು, ನೆಲ ನೋಡುತ್ತಾ, ವಾರಕ್ಕೊಂದು ದಿನ ರಜೆ ಗೊತ್ತುಮಾಡಿ ಎಂದು ಹೇಳಿದೆ. "ಅಬ್ಬಾ, ನಿನಗೂ ಮಾತು ಬರುತ್ತಾ!" ಎಂದು ನಕ್ಕರು. ಆಮೇಲೆ, "ಯಾವುದಾದ್ರೂ ಒಂದು ದಿನ ಆರಿಸ್ಕೊಳ್ಳಿ. ಜಗಳ ಮಾತ್ರ ನನ್ನ ಹತ್ತಿರ ತರಬೇಡಿ" ಎಂದರು.

ಮೊನ್ನೆ ಊಟದ ಹೊತ್ತಿನಲ್ಲಿ ಬಟ್ಟೆಗಂಟುಗಳ ಮೇಲೆಯೇ ಎಲ್ಲರೂ ಕೂತೆವು. ಬಟ್ಟೆ ತಲುಪಿಸುವ ಸೈಕಲ್ ಅಣ್ಣ, "ಭಾನುವಾರ ಬಿಟ್ಟು ಬೇರೆ ದಿನ ಕೊಟ್ರೆ ಅದು ರಜೆನಾ?" ಎಂದ. ಇಸ್ತ್ರಿ ಮಾವನದೂ ಅದೇ ಮಾತು. ನನ್ನ ಎದೆ ಹಗುರವಾಯಿತು. ಆಗ ಬಟ್ಟೆಗೆ ಗಂಜಿ ಹಾಕುವ ಅಕ್ಕ, ಯಾವತ್ತೂ ತಲೆಯೆತ್ತದವಳು, ಬುಧವಾರ ಎಂದಳು. ಅವಳ ಮಗನ ಕಾಲು ನೋಡುವ ಡಾಕ್ಟರು ಸಿಗುವುದು ಬುಧವಾರ ಮಾತ್ರವಂತೆ. "ಪ್ರತಿ ಸಲ ಹೊಟ್ಟೆನೋವು ಅಂತ ಸುಳ್ಳು ಹೇಳಿ ಹೋಗ್ತೀನಿ. ಇನ್ನೆಷ್ಟು ಸಲ ಹೊಟ್ಟೆ ನೋಯಿಸ್ಕೊಳ್ಳಲಿ?" ಎಂದಳು. "ಮೊದಲೇ ಹೇಳೋಕೇನಾಗಿತ್ತು?" ಎಂದು ಸೈಕಲ್ ಅಣ್ಣ ರೇಗಿದ. "ಯಾರು ಕೇಳಿದ್ರಪ್ಪಾ?" ಎಂದಳು, ಅಷ್ಟೇ.

ಕೈ ಎತ್ತಿಸಿದಾಗ ಒಂದೇ ಒಂದು ಕೈ ಹೆಚ್ಚಾಗಿ ಬುಧವಾರವಾಯಿತು. ಸೈಕಲ್ ಅಣ್ಣ ಸಂಜೆಯವರೆಗೂ ಸುಮ್ಮಸುಮ್ಮನೆ ಬೆಲ್ ಬಾರಿಸಿಕೊಂಡು ಓಡಾಡಿದ. ಆದರೆ ಮಾರನೆಯ ದಿನ ಅವನೇ ಯಜಮಾನರಿಗೆ ಹೋಗಿ ತಿಳಿಸಿದ. ಹಾಗಾಗಿ ನಾನು ಬರುವುದು ಆಗಲಾರದು ಅಪ್ಪಾ. ಭಾನುವಾರ ಬಸ್‌ಸ್ಟ್ಯಾಂಡಿಗೆ ಬಂದು ಕಾಯಬೇಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಪಕ್ಕದ ಕೋಣೆಯ ದೊಡ್ಡಪ್ಪನಿಗೆ ನಾನು ಕೇಳಿದೆನೆಂದು ಹೇಳಿ.

ನಿಮ್ಮ ಮಗಳು
ಗುಬ್ಬಿ

ಮತ್ತೆ ಬರೆದದ್ದು: ಮೇಲೆ ಬರೆಯಲು ಕೈ ಬರಲಿಲ್ಲ. ಹೆಚ್ಚಾದ ಆ ಒಂದು ಕೈ ನನ್ನದು. ಅವಳ ಮಾತು ಕೇಳಿದ ಮೇಲೆ ಭಾನುವಾರಕ್ಕೆ ಎತ್ತಲಾಗಲಿಲ್ಲ. ಬೈಯಬೇಡಿ. ಬಂದರಿನಲ್ಲಿ ನೀವೂ ಒಂದು ಸಲ ಎಲ್ಲರನ್ನೂ ಕೂರಿಸಿ ರಜೆಯ ಮಾತು ಎತ್ತಿ ನೋಡಿ ಅಪ್ಪಾ. ತಿಂಗಳಿಗೊಂದು ಬುಧವಾರ ಸಿಕ್ಕರೂ ಸಾಕು.