ಘಾಟು ಬರದ ಮೆಣಸಿನಕಾಯಿ

ರೀ,

ಮದುವೆಯಾದಾಗಿನಿಂದ ಹೀಗೇ ಕರೆದದ್ದು. ಕೋಪ ಬಂದಿದೆಯೆಂದು ಈಗ ಬೇರೆ ಹೆಸರು ಹುಡುಕಲಾರೆ. ಕೋಪ ಮಾತ್ರ ಮೈಯೆಲ್ಲ ಉರಿಯುವಷ್ಟಿದೆ.

ಆ ವರ್ಷದ ದುರ್ಗಾಪೂಜೆ ನೆನಪಿದೆಯೇ? ಡಮ್ ಡಮ್‌ನ ನಮ್ಮ ಮನೆಯ ಮೆಟ್ಟಿಲ ಮೇಲೆ ಪಕ್ಕದ ಮನೆಯ ಬಂಗಾಳಿ ಅತ್ತಿಗೆ, ನಮ್ಮ ಬೌದಿ, ನಿಮ್ಮನ್ನು ನೋಡಿ, "ದಾದಾ ತೋ ಏಕ್‌ದಮ್ ಸ್ಲಿಮ್ ಹೋ ಗಯೇ!" ಎಂದು ಕಣ್ಣರಳಿಸಿದರು. ಆಗಲೇ ನೀವು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದಿರಿ. ಅವರ ಕಣ್ಣೇ ತಾಗಿತೆಂದು ನಾನು ಅವರೊಡನೆ ಮಾತು ಬಿಟ್ಟೆ. ಮಂಗಳವಾರ ಬಂದರೆ ನಿಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಸುಡುತ್ತಿದ್ದೆ. "ನೋಡಿ, ಒಂಚೂರೂ ಘಾಟು ಬರ್ಲಿಲ್ಲ. ಎಂಥಾ ಕೆಟ್ಟ ದೃಷ್ಟಿ ಇರ್ಬೇಕು!" ಎಂದರೆ, "ಹೂಂ ಕಣೇ, ಇರ್ಬೋದು" ಎನ್ನುತ್ತಿದ್ದಿರಿ. ಎಲ್ಲ ಗೊತ್ತಿದ್ದೂ ಹಾಗೆ ಹೇಗೆ ಕೂತಿರುತ್ತಿದ್ದಿರಿ?

ಬೇಸಿಗೆಯಲ್ಲೂ ಅಂಗಿಯೊಳಗೆ ಎರಡು ಬನಿಯನ್, ಮೈ ತುಂಬಿದಂತೆ ಕಾಣಲೆಂದು. ಊರಿಂದ ತರಿಸಿದ ತುಪ್ಪ ಸುರಿದು ಮುದ್ದೆ ಬಡಿಸಿದರೂ ನೀವು ಕರಗುತ್ತಲೇ ಇದ್ದಿರಿ. ನಾನು ನನ್ನ ಕೈರುಚಿಯನ್ನೇ ಅನುಮಾನಿಸಿದೆ.

ಕೊನೆಗೆ ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನನ್ನು ಕಂಡು ಬೆರಗಾದರು. "ನೀವು ಇಲ್ಲೇ ಇದ್ದೀರಾ? ಹೆಂಡತಿ ಮೈಸೂರಲ್ಲಿದ್ದಾಳೆ ಅಂದಿದ್ದರಲ್ಲ" ಎಂದು ಹಿಂದಿಯಲ್ಲಿ ಕೇಳಿದರು. ಎಚ್‌ಐವಿ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಆಗ. ನಿಮಗೆ ಎಷ್ಟೋ ಹಿಂದೆಯೇ ಗೊತ್ತಾಗಿತ್ತಂತೆ. ನನ್ನನ್ನೂ ಪರೀಕ್ಷೆಗೆ ಕರೆತನ್ನಿ ಎಂದಿದ್ದರಂತೆ. ಶುರು ಮಾಡಿದ ಮಾತ್ರೆಯನ್ನು ನೀವೇ ನಿಲ್ಲಿಸಿದಿರಂತೆ. ಡಬ್ಬಿ ಕಂಡರೆ ಇವಳು ಕೇಳುತ್ತಾಳೆ ಎಂದೇ? ಕೇಳುತ್ತಿದ್ದೆ. ಕಿರುಚಾಡುತ್ತಿದ್ದೆ, ತವರಿಗೆ ಹೊರಟು ನಿಲ್ಲುತ್ತಿದ್ದೆ. ಆಮೇಲೆ... ಆಮೇಲೆ ಏನು ಮಾಡುತ್ತಿದ್ದೆನೋ, ಅದು ನನಗೂ ತಿಳಿಯದಂತೆ ಮಾಡಿಬಿಟ್ಟಿರಿ. ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಮಗ್ಗುಲಲ್ಲೇ ಮಲಗಿದ್ದವಳನ್ನು ಮೈಸೂರಿಗೆ ಕಳಿಸಿಬಿಟ್ಟಿರಲ್ಲ, ಅದನ್ನು ಹೇಗೆ ಮರೆಯಲಿ?

ನಿಮಗೆ ಗೊತ್ತಿಲ್ಲದ ಸುದ್ದಿ: ನನಗೂ ಇದೆ. ನೀವು ಹೋದ ಮೇಲೂ ಪರೀಕ್ಷೆಗೆ ಹೋಗಲು ನನಗೆ ಕಾಲು ಏಳಲಿಲ್ಲ. ನಾನೂ ಕರಗಿದೆ, ನೋಡಿದವರು ಗಂಡ ಸತ್ತ ದುಃಖವೆಂದರು. ಒಂದು ಬೆಳಿಗ್ಗೆ ತಡೆಯಲಾರದೆ ಹೋಗಿ ಬಾಗಿಲು ಬಡಿದದ್ದು ಅದೇ ಬೌದಿಯ ಮನೆಗೆ. ಯಾಕೆ ಮಾತು ಬಿಟ್ಟಿದ್ದೆ ಎಂದು ಕೂಡ ಕೇಳದೆ ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಜೊತೆಗೆ ಹೊರಟರು.

ಈಗ ದಿನವೂ ಮಾತ್ರೆ ನುಂಗುತ್ತೇನೆ, ಅವರೆದುರಿಗೇ. ಬಿಗಿ ಮಾಡಿಸಿದ್ದ ರವಿಕೆಗಳ ಹೊಲಿಗೆಯನ್ನು ಮೊನ್ನೆ ಬಿಚ್ಚಿದೆ. "ಕಿತನೀ ಮೋಟೀ ಹೋ ಗಯೀ!" ಎಂದು ಬೌದಿ, ನಾನು ದಪ್ಪಗಾದೆನೆಂದು ಕೆನ್ನೆ ಹಿಂಡಿದರು. ನಾನು ದೃಷ್ಟಿ ತೆಗೆದುಕೊಳ್ಳಲಿಲ್ಲ.

ಅದೇ ಆಸ್ಪತ್ರೆ, ರೀ. ಮಾತ್ರೆಯನ್ನೂ ನಿಮಗೆ ಕೊಟ್ಟಿದ್ದ ಅದೇ ಕಿಟಕಿಯಲ್ಲಿ ಕೊಡುತ್ತಾರೆ. ನಿಲ್ಲಿಸದೆ ನುಂಗಿದ್ದರೆ ನೀವೂ ಮೈ ತುಂಬಿಕೊಳ್ಳುತ್ತಿದ್ದಿರಿ.